ತಾಳು ಅಂದ ಮೇಲೆ ಎಸೆದ ಹೆಂಚು

ಊಟಕ್ಕೆ ಕೂತವನು ಬೇಡ ಅನ್ನುವುದಕ್ಕೆ ನಮ್ಮ ಕಡೆ ಮೂರು ಮಾತುಗಳಿವೆ. ಕನ್ನಡದಲ್ಲಿ ಸಾಕು, ತೆಲುಗಿನಲ್ಲಿ ಚಾಲು, ತಮಿಳಿನಲ್ಲಿ ಪೋದುಂ. ಹೊಸೂರಿನಿಂದ ತಳಿ ಎಂಬ ಊರಿಗೆ ಹೋಗುವ ದಾರಿಯಲ್ಲಿ ಯಾವ ಮನೆಯ ಪಂಕ್ತಿಯಲ್ಲಿ ಕೂತರೂ ಮೂರೂ ಅರ್ಥವಾಗುತ್ತವೆ. ಅರ್ಥವಾಗುತ್ತವೆ ಅಷ್ಟೆ, ಕೆಲಸಕ್ಕೆ ಬರುವುದಿಲ್ಲ. ಮೂರೂ ಭಾಷೆಯಲ್ಲಿ ಹೇಳಿ, ಎಲೆಗೆ ಎರಡೂ ಕೈ ಅಡ್ಡ ಹಿಡಿದರೂ ಬಡಿಸುವವರು ಬೆರಳ ಸಂದಿಯಲ್ಲೇ ಸಾರು ಇಳಿಸಿ ಮುಂದೆ ಹೋಗುತ್ತಾರೆ. ಮೊದಲನೆಯ ಸಾಕು ನಾಚಿಕೆಯದು, ಎರಡನೆಯದು ಮರ್ಯಾದೆಯದು, ಮೂರನೆಯದು ಬಂದಾಗ ಬೇಕಾದರೆ ಯೋಚನೆ ಮಾಡೋಣ ಎನ್ನುವುದು ನಮ್ಮವರ ಪದ್ಧತಿ.

ನಾನು ಈ ಪದ್ಧತಿಯಲ್ಲೇ ಬೆಳೆದು, ಅದನ್ನು ಊಟದ ಎಲೆಯಿಂದ ಬಾಳಿನ ಎಲ್ಲ ಕಡೆಗೂ ಹರಡಿದವನು. ಎದುರಿನವರು ಸಾಕು ಎಂದರೆ ನನ್ನ ಕಿವಿಗೆ ಇನ್ನೊಂದಿಷ್ಟು ಎಂದು ಕೇಳಿಸುತ್ತದೆ. ಹಸುವಿಗೆ ಹುಲ್ಲು ಹಾಕುವುದಿರಲಿ, ಅಳಿಯನಾಗುವವನಿಗೆ ಬುದ್ಧಿ ಹೇಳುವುದಿರಲಿ, ನನ್ನ ಕೈಯೂ ಬಾಯಿಯೂ ತಾವಾಗಿ ನಿಂತದ್ದಿಲ್ಲ. "ನೀವು ಮಾತಿಗೆ ಶುರು ಮಾಡಿದ್ರೆ, ಬಸ್ಸು ಬಂದು ಹೋಗ್ಬುಟ್ರೂ ನಿಮ್ಗೆ ಗ್ಯಾನ ಇರಲ್ಲ" ಎನ್ನುತ್ತಾಳೆ ನನ್ನ ಹೆಂಡತಿ. ಅವಳು ಹೇಳುವುದು ಸುಳ್ಳಲ್ಲ. ಎಷ್ಟೋ ಬಸ್ಸುಗಳು ಹಾಗೆ ಹೋಗಿವೆ.

ಈ ರೋಗಕ್ಕೆ ಮದ್ದಿದೆ ಎಂದು ನನಗೆ ಗೊತ್ತಾದದ್ದು ಕಂಪ್ಯೂಟರಿನಿಂದ. ನಗಬೇಡಿ. ನಾನು ಓದಿದ್ದು ಐದನೇ ಕ್ಲಾಸು, ಬೆಳೆಯುವುದು ಕೋಸು ಮತ್ತು ಸೇವಂತಿಗೆ. ಆದರೆ ನನ್ನ ತಂಗಿ ಗೌರಿ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರ್ ರೂಮಿನ ಕೆಲಸಕ್ಕಿದ್ದಳು. ಆಯುಧಪೂಜೆಯ ದಿನ ಕಾರ್ಖಾನೆಯವರು ಮನೆಯವರನ್ನೆಲ್ಲ ಒಳಗೆ ಬಿಡುತ್ತಿದ್ದರು. ಒಂದು ವರ್ಷ ಬಿಳಿ ಪಂಚೆ ಉಟ್ಟುಕೊಂಡು ನಾನೂ ಹೋದೆ.

ಲೇಥು, ಡ್ರಿಲ್ಲಿಂಗ್ ಮೆಶೀನು ಎಲ್ಲಕ್ಕೂ ವಿಭೂತಿ ಬಳಿದು, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದಿದ್ದರು. ಕಂಪ್ಯೂಟರಿಗೆ ಮಾತ್ರ ಕುಂಕುಮ ಮುಟ್ಟಿಸುವ ಹಾಗಿಲ್ಲವಂತೆ, ಬಾಗಿಲಿಗೆ ಇಟ್ಟಿದ್ದರು. ಚಪ್ಪಲಿ ಬಿಟ್ಟು ಒಳಗೆ ಹೋದರೆ ತಳಿಯ ಮಾರ್ಗಶಿರದ ಚಳಿ. ದೇವಸ್ಥಾನದ ಗರ್ಭಗುಡಿಯೂ ಅಷ್ಟು ತಣ್ಣಗಿರುವುದನ್ನು ನಾನು ಕಂಡಿಲ್ಲ.

ಗೌರಿ ತೋರಿಸಿದಳು. ಈ ರೂಮಿನಲ್ಲಿ ಒಂದು ಯಂತ್ರ, ಕಾಂಪೌಂಡಿನ ಆ ತುದಿಯ ಸ್ಟೋರ್ಸಿನಲ್ಲಿ ಇನ್ನೊಂದು, ನಡುವೆ ಒಂದು ತಂತಿ. ಹೀಗೆ ತಂತಿಗೆ ಕಟ್ಟಿಸಿಕೊಂಡ ಒಂದೊಂದು ಯಂತ್ರವನ್ನೂ ನೋಡ್ ಅನ್ನುತ್ತಾರಂತೆ. ನಾನು ಅದನ್ನು ಒಂದು ಬೀದಿಯ ಎರಡು ಮನೆ ಎಂದು ತಿಳಿದುಕೊಂಡೆ.

"ಇದು ದೊಡ್ದು, ಗಡಗಡ ಅಂತ ಕಳಿಸ್ತದೆ ಅಣ್ಣ. ಅದು ಚಿಕ್ದು, ಬಂದಿದ್ದನ್ನ ನಿಧಾನಕ್ಕೆ ಬರ್ಕೊಂತದೆ. ಬಂದಿದ್ದು ಕೂರೋಕೆ ಅದರೊಳ್ಗೆ ಸ್ವಲ್ಪ ಜಾಗ ಐತೆ, ಒಂದು ಮೊರದಷ್ಟು ಅನ್ಕೋ. ಮೊರ ತುಂಬ್ತಾ ಬಂದ್ರೆ ಅದು ತಾಳು ಅಂತದೆ. ಇದು ನಿಲ್ಬೇಕು. ಮೊರ ಖಾಲಿ ಆದ್ಮೇಲೆ ಬರ್ಲಿ ಅಂತದೆ. ಆಗ ಮತ್ತೆ ಕಳಿಸ್ಬೇಕು."

"ತಾಳು ಅಂದ್ರೂ ಕಳಿಸಿದ್ರೆ?"

"ಚೆಲ್ಲಿ ಹೋಯ್ತದೆ. ಯಂತ್ರ ಬೈಯಲ್ಲ, ಅಳಲ್ಲ. ಬರಬೇಕಾದ ಅಕ್ಷರ ಇರಲ್ಲ, ಅಷ್ಟೆ."

ಈ ತಂತಿ ಎಳೆದ ಹೊಸತರಲ್ಲಿ ಹಾಗೇ ಆಗುತ್ತಿತ್ತಂತೆ. ಸಾಮಾನಿನ ಹೆಸರುಗಳು ಅರ್ಧರ್ಧ ಬರುತ್ತಿದ್ದವು. ಎಲ್ಲರೂ ಸ್ಟೋರ್ಸಿನ ಯಂತ್ರವೇ ದಂಡ ಎಂದು ಬೈದರು. ಕೊನೆಗೆ ಬಿಚ್ಚಿ ನೋಡಿದರೆ ಅದು ಪಾಪ ತಾಳು, ತಾಳು ಎನ್ನುತ್ತಲೇ ಇತ್ತು. ದೊಡ್ಡ ಯಂತ್ರಕ್ಕೆ ಕೇಳಿಸಿಕೊಳ್ಳುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

"ತಪ್ಪು ಕಳಿಸೋದ್ರದು, ಬೈಸ್ಕೊಂಡಿದ್ದು ಮಾತ್ರ ಈಸ್ಕೊಳ್ಳೋದು" ಎಂದು ಗೌರಿ ನಕ್ಕಳು.

ಆ ಚಳಿಯಲ್ಲಿ ನನಗೆ ಬೆವರು ಬಂತು.

ಯಾಕೆಂದು ಹೇಳುವುದಕ್ಕೆ ಮೊದಲು ಸ್ವಲ್ಪ ಆ ಕಡೆ ಈ ಕಡೆ ಹೋಗಿಬರುತ್ತೇನೆ. ತಪ್ಪು ಮಾಡಿದವನು ಸುತ್ತುದಾರಿ ಹಿಡಿಯುವುದು ವಾಡಿಕೆ. ಅಂದಿನಿಂದ ನನಗೆ ಎಲ್ಲೆಲ್ಲೂ ತಾಳು, ಬರ್ಲಿಗಳೇ ಕಾಣತೊಡಗಿದವು. ನಮ್ಮ ಕೆರೆಯ ತೂಬಿನವನು ಕೆಳಗದ್ದೆಯವರು ಕೂಗು ಹಾಕಿದ ಮೇಲೆಯೇ ನೀರು ಬಿಡುತ್ತಾನೆ. ಬಸ್ಸಿನ ಕಂಡಕ್ಟರು ಒಂದು ಸೀಟಿ ಊದಿದರೆ ನಿಲ್ಲು, ಎರಡು ಊದಿದರೆ ಹೊರಡು. ಆ ಸೀಟಿಗೆ ಬೆಲೆ ಕೊಡುವ ಡ್ರೈವರಿನಿಂದಲೇ ನಾವೆಲ್ಲ ಕೈಕಾಲು ಇಟ್ಟುಕೊಂಡು ಮನೆ ಸೇರುತ್ತಿದ್ದೇವೆ. ಸಾನಮಾವು ಕಾಡಿನಿಂದ ರಾಗಿ ಹೊಲಕ್ಕೆ ಬರುವ ಆನೆಗಳನ್ನೂ ನೋಡಿದ್ದೇನೆ. ಮುಂದಿನದು ನಿಂತರೆ ಹಿಂದಿನದು ನಿಲ್ಲುತ್ತದೆ, ನುಗ್ಗಿ ತಳ್ಳುವುದಿಲ್ಲ. ಅವು ನಮ್ಮ ರಾಗಿ ತಿನ್ನುತ್ತವೆ ನಿಜ. ಆದರೆ ಮರ್ಯಾದೆಯಿಂದ ತಿನ್ನುತ್ತವೆ.

ಈಗ ವಿಷಯಕ್ಕೆ ಬರುತ್ತೇನೆ. ಎಪ್ಪತ್ತರ ದಶಕದ ಆರಂಭ. ಗೌರಿ ಲಂಗ ಹಾಕುವ ಹುಡುಗಿ, ನನಗೆ ಮೀಸೆ ಬರುತ್ತಿದ್ದ ವಯಸ್ಸು. ಮಳೆಗಾಲಕ್ಕೆ ಮುಂಚೆ ಮನೆಯ ನಾಡಹೆಂಚನ್ನು ಕೈಯಾಡಿಸಬೇಕು. ಒಡೆದದ್ದನ್ನು ತೆಗೆದು ಹೊಸದು ಹೊದಿಸಬೇಕು. ಅದಕ್ಕೆ ನಮ್ಮಲ್ಲಿ ಒಂದು ಕ್ರಮ ಇತ್ತು. ಎತ್ತಿನ ಗಾಡಿಯನ್ನು ಸೂರಿನ ಪಕ್ಕಕ್ಕೆ ತಂದು, ಮೂಕಿಗೆ, ಅಂದರೆ ಗಾಡಿಯ ಮುಂದಿನ ಮರಕ್ಕೆ, ಕಲ್ಲು ಕೊಟ್ಟು ನಿಲ್ಲಿಸುವುದು. ನೆಲದಲ್ಲಿ ಒಬ್ಬ, ಗಾಡಿಯ ಮೇಲೆ ಒಬ್ಬರು, ಸೂರಿನ ಮೇಲೆ ಒಬ್ಬರು. ನೆಲದವನು ಹೆಂಚನ್ನು ಜೋಡಿಜೋಡಿಯಾಗಿ ಎಸೆಯುತ್ತಾನೆ. ಗಾಡಿಯವರು ಹಿಡಿದು ಮೇಲಕ್ಕೆ ಕೊಡುತ್ತಾರೆ. ಆದರೆ ಮೇಲಿನವರು ಬರ್ಲಿ ಅನ್ನದೆ ಕೆಳಗಿನವನು ಎಸೆಯುವ ಹಾಗಿಲ್ಲ. ದಿನವಿಡೀ ಸೂರಿನಿಂದ ಗಾಡಿಗೆ, ಗಾಡಿಯಿಂದ ನೆಲಕ್ಕೆ ಬರ್ಲಿ, ಬರ್ಲಿ ಎಂದು ಇಳಿಯುತ್ತಿರುತ್ತದೆ, ಹೆಂಚು ಏರುತ್ತಿರುತ್ತದೆ. ಕಂಪ್ಯೂಟರಿನವರು ಇದನ್ನು ನಮ್ಮ ಸೂರಿನಿಂದಲೇ ಕದ್ದರೇನೋ ಎಂದು ನನಗೆ ಅನುಮಾನ.

ಮೇಲೆ ಅಪ್ಪ, ಗಾಡಿಯಲ್ಲಿ ಗೌರಿ, ನೆಲದಲ್ಲಿ ನಾನು. ಬೆಳಿಗ್ಗೆಯಿಂದ ಅವಳ ಕೈಯಿಂದ ಒಂದು ಹೆಂಚೂ ಜಾರಿರಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ವೆಂಕಟೇಶ ಬಂದು ಬೇಲಿಗೆ ಒರಗಿದ. "ಏನ್ಲಾ ಮುನಿಯ, ಮುತ್ತೈದೆಗೆ ಬಳೆ ಕೊಟ್ಟಂಗೆ ಕೊಡ್ತಿದೀಯಲ್ಲೋ" ಅಂದ. ನನಗೆ ರೋಷ ಬಂತು. ಕೈ ಜೋರಾಯಿತು. ಜೋಡಿಯ ಮೇಲೆ ಜೋಡಿ ಎಸೆದೆ. ಮೇಲಕ್ಕೆ ಕೊಡಬೇಕಾದ ಹೆಂಚು ಗೌರಿಯ ತೋಳಿನ ಮೇಲೇ ನಿಂತಿತ್ತು. "ತಾಳಣ್ಣ" ಅಂದಳು. ನಾನು ಎಸೆದೆ. ಅವಳು ಹಿಡಿಯಲು ಬಾಗಿದಳು, ಗಾಡಿಯಿಂದ ಕೆಳಗೆ ಬಿದ್ದಳು. ಮಣಿಕಟ್ಟು ಮುರಿಯಿತು.

ಅಪ್ಪ ಸೂರಿನಿಂದ ಇಳಿದು ಓಡಿಬಂದು "ಏನಾಯ್ತು?" ಅಂದಾಗ ನಾನು ಬಾಯಿ ತೆರೆದಿದ್ದೆ. ಮಾತೇ ನಿಲ್ಲದವನಿಗೆ ಅಂದು ಮಾತು ಹೊರಡಲಿಲ್ಲ. ಗೌರಿ ಅಳುತ್ತಲೇ ನನ್ನ ಮುಖ ನೋಡಿ "ಕೈ ಜಾರ್ತು" ಅಂದಳು.

ಅಪ್ಪನ ಬೆತ್ತದಿಂದ ನನ್ನನ್ನು ಉಳಿಸಿದ ಮಾತು ಅದು. ಅದಕ್ಕೆ ನಾನು ಎಷ್ಟು ಕೈ ಮುಗಿದರೂ ಕಡಿಮೆ. ಆದರೆ ಅವಳು ಅದಕ್ಕೆ ತೆತ್ತದ್ದು ದೊಡ್ಡದು. ನಾಟಿವೈದ್ಯರು ಮೊಟ್ಟೆಯ ಬಿಳಿ ಸವರಿ ಬಿದಿರುದಬ್ಬೆ ಕಟ್ಟಿದರು. ಮೂಳೆ ಕೂಡಿತು, ಆದರೆ ಸೊಟ್ಟಗೆ. ಮನೆಯಲ್ಲಿ ಅವಳಿಗೆ ಬೆಣ್ಣೆಕೈ ಎಂದು ಹೆಸರು ನಿಂತಿತು. ಹಾಲಿನ ಚೊಂಬು ಅವಳ ಕೈಗೆ ಕೊಡುತ್ತಿರಲಿಲ್ಲ. ಗಾಜಿನ ಲೋಟ ಅವಳ ಮುಂದಿನಿಂದ ಸರಿಸುತ್ತಿದ್ದರು. ಆಮೇಲೆ ಮನೆಯಲ್ಲಿ ಯಾರ ಮಗುವಿನ ನಾಮಕರಣವಾದರೂ, ಮಗು ಕೈಯಿಂದ ಕೈಗೆ ಹೋಗುತ್ತ ಅವಳ ಹತ್ತಿರ ಬಂದಾಗ ಅತ್ತೆ, ಅಂದರೆ ಅಪ್ಪನ ಅಕ್ಕ, ಕೂಗುತ್ತಿದ್ದಳು: "ಅವ್ಳಿಗೆ ಕೊಡ್ಬ್ಯಾಡ್ರವ್ವಾ, ಬೆಣ್ಣೆಕೈ!" ಎಲ್ಲರೂ ನಗುತ್ತಿದ್ದರು. ಗೌರಿಯೂ ನಗುತ್ತ ಎರಡೂ ಕೈಯನ್ನು ಸೆರಗಿನಲ್ಲಿ ಅಡಗಿಸಿಕೊಳ್ಳುತ್ತಿದ್ದಳು. ನನ್ನ ಮೊದಲ ಎರಡು ಮಕ್ಕಳನ್ನೂ ಅವಳು ಹೀಗೇ ದೂರದಿಂದ ನೋಡಿದಳು. ನಾನೂ ನಗುವವರ ಜೊತೆಯಲ್ಲೇ ಇದ್ದೆ.

ನನಗೆ ನಾನು ಎರಡು ಸಮಾಧಾನ ಹೇಳಿಕೊಂಡಿದ್ದೆ. ಒಂದು, ಸೊಟ್ಟ ಕೈಯಲ್ಲಿ ಕಳೆ ಕೀಳಲಾರಳು ಎಂದೇ ಅಪ್ಪ ಅವಳನ್ನು ಓದಿಸಿದ್ದು, ಹಾಗಾಗಿ ಒಳ್ಳೆಯದೇ ಆಯಿತು ಎಂದು. ಒಮ್ಮೆ ಇದನ್ನು ಅವಳ ಮುಂದೆ ಅಂದೂಬಿಟ್ಟೆ. "ಕೈ ನೆಟ್ಟಗಿದ್ದಿದ್ರೂ ಓದ್ತಿದ್ದೆ ಕಣಣ್ಣ, ಟೈಪಿಂಗ್ ಇನ್ನೂ ಬೇಗ ಮಾಡ್ತಿದ್ದೆ" ಅಂದಳು. ಎರಡನೆಯದು, ಅವಳು ತಾಳು ಅನ್ನುವ ಹೊತ್ತಿಗೆ ಹೆಂಚು ನನ್ನ ಕೈ ಬಿಟ್ಟಾಗಿತ್ತು ಎಂದು.

ಈ ಎರಡನೆಯದನ್ನು ಒಡೆದದ್ದೂ ಕಂಪ್ಯೂಟರೇ. ಆಯುಧಪೂಜೆಯ ದಿನ ಗೌರಿ ಇನ್ನೊಂದು ಮಾತು ಹೇಳಿದ್ದಳು. "ತಾಳು ಅನ್ನೋದು ಇಲ್ಲಿಗೆ ಬಂದು ತಲ್ಪೋಕೂ ಹೊತ್ತು ಬೇಕಲ್ಲಣ್ಣ, ಅಷ್ಟ್ರಲ್ಲಿ ದಾರೀಲಿರೋದು ಹೋಗೇ ಹೋಯ್ತದೆ. ಅದಕ್ಕೇ ಅದು ಪೂರ್ತಿ ತುಂಬೋಕೆ ಮುಂಚೇನೇ ತಾಳು ಅಂತದೆ. ದಾರೀಲಿರೋದಕ್ಕೆ ಜಾಗ ಇಟ್ಕೊಂಡೇ ಅಂತದೆ." ಗೌರಿಯೂ ಅಂದು ಜಾಗ ಇಟ್ಟುಕೊಂಡೇ ಅಂದಿದ್ದಳು. ಗಾಳಿಯಲ್ಲಿದ್ದ ಜೋಡಿಯನ್ನು ಅವಳು ಹಿಡಿದಳು. ಅವಳನ್ನು ಬೀಳಿಸಿದ್ದು ಅದರ ನಂತರದ್ದು. ತಾಳು ಎನ್ನುವುದು ಕಿವಿಗೆ ಬಿದ್ದ ಮೇಲೆ, ವೆಂಕಟೇಶ ನೋಡುತ್ತಿದ್ದಾನೆಂದು ನಾನು ಬಗ್ಗಿ ಎತ್ತಿಕೊಂಡು ಎಸೆದದ್ದು.

ಆಯುಧಪೂಜೆಗೆ ಹೋಗಿಬಂದ ಆ ವರ್ಷವೇ ನನ್ನ ಮೂರನೆಯ ಮಗುವಿನ ನಾಮಕರಣ. ತೊಟ್ಟಿಲಿನಿಂದ ಎತ್ತಿದ ಹೆಣ್ಣುಮಗು ಕೈಯಿಂದ ಕೈಗೆ ಬಂತು. ಅತ್ತೆ ಸರಿಯಾದ ಹೊತ್ತಿಗೆ ಕೂಗಿದಳು. ಗೌರಿ ನಗುತ್ತ ಕೈಯನ್ನು ಸೆರಗಿಗೆ ಸೇರಿಸಿದಳು. ನಾನು ಎದ್ದು ನಿಂತೆ. ನಿಂತವನು ಎಲ್ಲವನ್ನೂ ಒಂದೇ ಉಸಿರಿಗೆ ಸುರಿದೆ. ಗಾಡಿ, ವೆಂಕಟೇಶ, ಯಂತ್ರ, ಮೊರ, ಸ್ಟೋರ್ಸು.

"ಏನ್ಲಾ ಒದರ್ತಿದ್ದೀಯಾ, ಗಾಳಿಗೀಳಿ ಸೋಕ್ತಾ?" ಅಂದಳು ಅತ್ತೆ.

ಗೌರಿ ಸೊಟ್ಟ ಕೈ ಎತ್ತಿದಳು. "ತಾಳಣ್ಣ. ಒಂದೊಂದಾಗಿ ಹೇಳು."

ನಾನು ನಿಂತೆ. ಬಾಯಿ ತುಂಬ ಮಾತಿಟ್ಟುಕೊಂಡು ನಿಲ್ಲುವುದು ಎಷ್ಟು ಕಷ್ಟವೆಂದು ಅಂದು ತಿಳಿಯಿತು. ಅವಳು ಮನೆಯವರನ್ನೆಲ್ಲ ಒಮ್ಮೆ ನೋಡಿ, ಆಮೇಲೆ ಮೆಲ್ಲಗೆ ಅಂದಳು: "ಹ್ಞೂಂ, ಬರ್ಲಿ."

"ನೀನು ತಾಳು ಅಂದೆ."

"ಹ್ಞೂಂ."

"ನಂಗೆ ಕೇಳಿಸ್ತು."

"ಹ್ಞೂಂ."

"ಆದ್ರೂ ಎಸೆದೆ. ನಿನ್ ಕೈ ಜಾರ್ಲಿಲ್ಲ."

ಗೋಡೆಗೆ ಒರಗಿ ಕೂತಿದ್ದ ಅಪ್ಪ ಬಾಯಿ ತೆರೆದ. "ಮೇಲಿಂದ ತಾಳು ಅಂದಿದ್ದು ನಾನೇ ಕಣ್ಲಾ. ಇವ್ಳು ನಿಂಗೆ ಹೇಳೋದು ಮರ್ತ್ಬುಟ್ಳು ಅಂತ ಇಷ್ಟು ವರ್ಷ ಅನ್ಕೊಂಡಿದ್ದೆ." ಅಪ್ಪ ನನ್ನನ್ನು ಬೈಯಲಿಲ್ಲ. ಗೌರಿಯ ಕಡೆ ತಿರುಗಿ, "ನೀನು ಹೇಳಿದ್ಯಲ್ಲ ತಾಯಿ" ಅಂದ. ಗೌರಿಯ ಕಣ್ಣು ತುಂಬಿದ್ದು ಆಗ.

ನಾನು ಹೆಂಡತಿಯ ಕೈಯಿಂದ ಮಗುವನ್ನು ಎತ್ತಿಕೊಂಡು ಗೌರಿಯ ಮುಂದೆ ಹೋಗಿ ನಿಂತೆ. ಅವಳು ಸೆರಗಿನಿಂದ ಕೈ ತೆಗೆದು ಒರೆಸಿಕೊಂಡಳು, ಮಡಿಲು ಸರಿಮಾಡಿಕೊಂಡಳು. ನಾನು ಕಾದೆ. ಅತ್ತೆಯೂ ಸರಿದು ಜಾಗ ಬಿಟ್ಟಳು.

"ಬರ್ಲಿ" ಅಂದಳು.

ಕೊಟ್ಟೆ. ಆದರೂ ನನ್ನ ಕೈ ಮಗುವಿನ ಕೆಳಗೇ ಇತ್ತು. "ಹಿಡ್ಕೊಂಡಿದೀನಿ, ಬಿಡಣ್ಣ" ಅಂದಳು. ಬಿಟ್ಟೆ. ಮಗು ಅವಳ ಸೊಟ್ಟ ಮಣಿಕಟ್ಟಿನ ತಿರುವಿಗೆ ತಲೆ ಇಟ್ಟು, ಅದು ತನಗಾಗಿಯೇ ಮಾಡಿದ ದಿಂಬು ಎನ್ನುವ ಹಾಗೆ ಮಲಗಿತು.

ಊಟಕ್ಕೆ ಎಲೆ ಹಾಕಿದರು. ಸಾರು ನಾನೇ ಬಡಿಸಿದೆ. ಗೌರಿ "ಸಾಕಣ್ಣ" ಅಂದಳು. ಸೌಟನ್ನು ಹಿಂದಕ್ಕೆ ತೆಗೆದೆ. ಪಂಕ್ತಿಯೇ ಬೆರಗಾಗಿ ನೋಡಿತು.

"ಥೂ, ಒಡಹುಟ್ಟಿದೋಳಿಗೆ ಇನ್ನೊಂದು ಸೌಟು ಹಾಕೋಕೆ ಕೈ ಬರಲ್ವೇನ್ಲಾ ನಿಂಗೆ?" ಎಂದು ಅತ್ತೆ ಬೈದಳು.

ಗೌರಿ ಎಲೆ ನೋಡಿದಳು, ಪಕ್ಕಕ್ಕೆ ಬಂದು ನಿಂತಿದ್ದ ಪಾಯಸದ ಪಾತ್ರೆಯನ್ನು ನೋಡಿದಳು. "ಸಾರು ಸಾಕು ಅಂದೆ ಅಷ್ಟೆ" ಅಂದಳು. "ಅದು ಬರ್ಲಿ."