ಜೂನ್ ತಿಂಗಳ ಸ್ಟಾಕ್‌ಹೋಮ್

ಮೊನ್ನೆ ಕಂಬಳಿ ಬಿಸಿಲಿಗೆ ಹಾಕೋಣವೆಂದು ಟ್ರಂಕು ತೆಗೆದೆ. ನುಸಿಗುಳಿಗೆಯ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಒಮ್ಮೆಲೇ ಹಳೇಬೀಡಿನ ನಮ್ಮ ಪಕ್ಕದ ಮನೆಯ ಮೇಷ್ಟ್ರು, ಅವರ ಕಪ್ಪು ಉಣ್ಣೆ ಕೋಟು...

ಅರವತ್ತರ ದಶಕದ ಮಾತು. ನಾನಾಗ ಅಲ್ಲಿನ ಶಾಲೆಗೆ ಹೊಸದಾಗಿ ಸೇರಿದ ಟೀಚರ್. ಮೇಷ್ಟ್ರು ಅದೇ ಶಾಲೆಯಿಂದ ನಿವೃತ್ತರಾದವರು. ದೇವಸ್ಥಾನ ನೋಡಲು ಬಂದ ಪರದೇಶದವರಿಗೆ ಇಂಗ್ಲಿಷಿನಲ್ಲಿ ಶಿಲ್ಪಗಳ ಕಥೆ ಹೇಳುವುದು ಅವರ ಖುಷಿ. ಹಾಗೆ ಪರಿಚಯವಾದ ಸ್ವೀಡನ್ನಿನ ದಂಪತಿ ಬಸ್ತಿಹಳ್ಳಿಯ ಬಸದಿಗಳ ಚಿತ್ರ ಬರೆಯುತ್ತ ಒಂದು ತಿಂಗಳಿದ್ದು, ದಿನವೂ ಮೇಷ್ಟ್ರ ಹೆಂಡತಿಯ ಕೈಯಡುಗೆ ಉಂಡು ಹೋದರು. ಊರು ಸೇರಿದ ಮೇಲೆ ಕಾಗದ ಬರೆದರು: ಇಬ್ಬರೂ ನಮ್ಮ ಸ್ಟಾಕ್‌ಹೋಮಿಗೆ ಬನ್ನಿ, ಟಿಕೆಟ್ಟು ನಮ್ಮದು, ಯಾವ ಕಾಲಕ್ಕೆಂದು ಮಾತ್ರ ನೀವೇ ಹೇಳಿ.

ಆ ಕಾಲ ಆರಿಸುವುದೇ ಒಂದು ವರ್ಷ ನಡೆಯಿತು. ಯಾರೇ ಪರದೇಶದವರು ಬರಲಿ, ಮೇಷ್ಟ್ರು ಮೊದಲು ಇದನ್ನೇ ಕೇಳುವರು. ಒಬ್ಬರು ಎಲೆ ಕೆಂಪಾಗುವ ಸೆಪ್ಟೆಂಬರ್ ಎಂದರೆ ಮತ್ತೊಬ್ಬರು ಹೂ ಬಿಡುವ ಮೇ ಎನ್ನುವರು. ಸಂಜೆ ಜಗಲಿಯಲ್ಲಿ ಕೂತು ಅದನ್ನೆಲ್ಲ ಹೆಂಡತಿಗೆ ಹೇಳುವರು. ಆಕೆಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಪಕ್ಕದಲ್ಲಿ ಕೂತು ಕೇಳುತ್ತ ಕೇಳುತ್ತ ನನಗೂ ಆ ಊರು ನಮ್ಮ ಕೆರೆಯ ಆಚೆ ದಡದಲ್ಲೇ ಇರುವಂತೆ, ದೋಣಿಯೊಂದಿದ್ದರೆ ಹೋಗಿಬಿಡಬಹುದೆಂಬಂತೆ...

ಜೂನ್‌ನಲ್ಲಿ ಅಲ್ಲಿ ರಾತ್ರಿ ಹತ್ತಕ್ಕೂ ಬೆಳಕಿರುತ್ತದೆ ಎಂದು ಮೇಷ್ಟ್ರು ಹೇಳಿದಾಗ ಅಕ್ಕ ನಕ್ಕುಬಿಟ್ಟರು. "ಹಾಗಾದ್ರೆ ಜೂನೇ ಆಗ್ಲಿ ಕಣ್ರೀ. ಊಟ ಆದ್ಮೇಲೂ ಹಪ್ಪಳ ಒಣಗಿಸ್ಬೋದು!"

ಜೂನ್ ಎಂದೇ ಉತ್ತರ ಹೋಯಿತು. ಅರಸೀಕೆರೆಯ ದರ್ಜಿ ಕೋಟು ಹೊಲಿದುಕೊಟ್ಟ. ಏಪ್ರಿಲ್‌ನಲ್ಲಿ ಅಕ್ಕನಿಗೆ ಎದೆನೋವು ಬಂತು. ಹಾಸನದ ಆಸ್ಪತ್ರೆಗೆ ಹೊರಟ ಕಾರು ಹಗರೆ ದಾಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸ್ವೀಡನ್ನಿನವರು ಮತ್ತೆ ಮತ್ತೆ ಕರೆದರು. ಮೇಷ್ಟ್ರು ಹೊರಟದ್ದು ಡಿಸೆಂಬರಿನಲ್ಲಿ. ಅರಸೀಕೆರೆಯಲ್ಲಿ ರೈಲು ಹತ್ತಿಸಲು ನಾನೂ ನನ್ನವರೂ ಹೋಗಿದ್ದೆವು. ತಿಂಗಳುಗಟ್ಟಲೆ ಟ್ರಂಕಿನಲ್ಲಿದ್ದ ಕೋಟನ್ನು ಮೇಷ್ಟ್ರು ತೊಟ್ಟಿದ್ದರು.

"ಈಗ ಅಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲಂತೆ. ಇನ್ನಾರು ತಿಂಗ್ಳು ತಡೆದು ಜೂನ್‌ಗೇ ಹೋಗ್ಬಾರ್ದಾ ಮೇಷ್ಟ್ರೇ?" ಎಂದೆ.

ಅವರು ಗುಂಡಿ ಹಾಕಿಕೊಳ್ಳುತ್ತ, "ಜೂನ್ ಅವಳು ಆರಿಸಿದ್ದು ಕಣಮ್ಮ. ಅದನ್ನ ನಾನೊಬ್ನೇ ನೋಡೋದು ಹ್ಯಾಗೆ?" ಎಂದರು.

ಮೂರು ತಿಂಗಳ ಮೇಲೆ ಬಂದರು. ಹೆಪ್ಪುಗಟ್ಟಿದ ನೀರಿನ ಮೇಲೆ ನಡೆದದ್ದು, ಕಿಟಕಿ ಕಿಟಕಿಯಲ್ಲೂ ಹಚ್ಚಿಟ್ಟ ಮೇಣದಬತ್ತಿ... ನಮ್ಮ ಜಗಲಿಗೆ ಬಂದು ಎಲ್ಲವನ್ನೂ ಹೇಳಿದರು. ಬೇಸಿಗೆಗೊಮ್ಮೆ ಬನ್ನಿ ಎಂದು ಸ್ನೇಹಿತರು ಬರೆದಾಗಲೆಲ್ಲ ನಯವಾಗಿ ಬೇಡವೆಂದರು. ಆಮೇಲೆ ನನಗೆ ವರ್ಗವಾಯಿತು. ಅವರು ತೀರಿಕೊಂಡ ಸುದ್ದಿ ನನ್ನನ್ನು ತಲುಪಿದಾಗ ತಿಂಗಳಾಗಿತ್ತು.

ಈಗ ನನಗೆ ಅವರ ಅಂದಿನ ವಯಸ್ಸೂ ದಾಟಿದೆ. ಅವತ್ತು ಪ್ಲಾಟ್‌ಫಾರಂನಲ್ಲಿ ನಾನು ಕೇಳಿದ್ದು ಎಷ್ಟು ಎಳಸು ಪ್ರಶ್ನೆ ಎಂಬುದು ನನ್ನವರು ಹೋದ ಮೇಲೆ ತಿಳಿಯಿತು. ಹೇಳೋಣವೆಂದರೆ ಮೇಷ್ಟ್ರಿಲ್ಲ.