ಒಂಬತ್ತು ಮೆಟ್ಟಿಲು, ಒಂದು ತಡಮೆ

ನಮ್ಮೂರ ವಾಚನಾಲಯದ ಪುಸ್ತಕಗಳಿಗೆಲ್ಲ ಏಲಕ್ಕಿಯ ವಾಸನೆ. ಆ ಕಟ್ಟಡ ಮೊದಲು ಏಲಕ್ಕಿ ಒಣಗಿಸುವ ಗೂಡಾಗಿತ್ತು. ತೋಟದ ಯಜಮಾನರು ಏಲಕ್ಕಿ ಬಿಟ್ಟು ಕಾಫಿ ಹಿಡಿದ ಮೇಲೆ ಅದನ್ನು ಊರಿಗೆ ಬಿಟ್ಟುಕೊಟ್ಟರು. ಕೆಳಗೆ ಬೆಂಕಿ ಹಾಕುವ ಒಲೆ ಇದ್ದುದರಿಂದ ನೆಲ ಎತ್ತರ, ಬಾಗಿಲಿಗೆ ಒಂಬತ್ತು ಮೆಟ್ಟಿಲು. ಮಧ್ಯಾಹ್ನ ಸಂಪಾಜೆ ಘಾಟಿಯ ಕಡೆಯಿಂದ ಮಂಜು ಮೆಲ್ಲಗೆ ಒಳಗೆ ಬಂದು ಬೆಂಚಿನ ಮೇಲೆ ಕೂರುತ್ತದೆ. ಯಾವ ಪುಸ್ತಕ ತೆರೆದರೂ ಪಾಯಸ ಉಂಡವರ ಹಾಗೆ ಕಣ್ಣು ಎಳೆಯುತ್ತದೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮಾರನೆಯ ವರ್ಷ ನನ್ನನ್ನು ಇದರ ಸೆಕ್ರೆಟರಿಯಾಗಿ ಆರಿಸಿದರು. ಕಾರಣ ಇಷ್ಟೇ: ಸಭೆ ಮುಗಿದು ಉಳಿದವರೆಲ್ಲ ಎದ್ದು ಹೋದಾಗ ನಾನಿನ್ನೂ ಬೆಂಚಿನ ಮೇಲೆ ನಿದ್ದೆಯಲ್ಲಿದ್ದೆ.

ಹೇಳಹೊರಟದ್ದು ಯಮುನಳ ವಿಷಯ. ಎಳವೆಯಲ್ಲಿ ಬಂದ ಜ್ವರದಲ್ಲಿ ಅವಳ ಎರಡೂ ಕಾಲು ಹೋಗಿದ್ದವು. ಕೈಮಿಶನ್ನಿನಲ್ಲಿ ಊರಿನ ಅರ್ಧ ಜನಕ್ಕೆ ಬಟ್ಟೆ ಹೊಲಿಯುತ್ತಿದ್ದಳು. ಓಡಾಟಕ್ಕೆ ಚಿಕ್ಕ ಎಂಬ ಬಡಗಿ ಮಾಡಿಕೊಟ್ಟ ಹಲಗೆ, ಅದಕ್ಕೆ ನಾಲ್ಕು ಮರದ ಚಕ್ರ. ಎರಡು ಕೈಯಲ್ಲಿ ಮರದ ತುಂಡು ಹಿಡಿದು ನೆಲವನ್ನು ಹಿಂದಕ್ಕೆ ತಳ್ಳಿದಳೆಂದರೆ, ದೋಣಿ ಹೋದ ಹಾಗೆ ಹೋಗುತ್ತಿದ್ದಳು. ಅವಳಿಗೆ ಓದುವ ಹುಚ್ಚು. ವಾರಕ್ಕೊಂದು ಪುಸ್ತಕವನ್ನು ನಾನೇ ಮನೆಗೆ ತಲುಪಿಸುತ್ತಿದ್ದೆ. ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂಬ ಭಾವನೆ ನನಗೆ.

ಒಂದು ದಿನ ಅವಳು ಹೊಲಿಗೆ ನಿಲ್ಲಿಸಿ ಕೇಳಿದಳು: "ಸೆಕ್ರೆಟ್ರಿ ಅಣ್ಣ, ಅಲ್ಲಿ ಜೇನು ಸಾಕುದು ಬಿಟ್ಟ್ ಬೇರೆ ಪುಸ್ತಕ ಇಲ್ಲೆನಾ?"

"ಉಟ್ಟಲ್ಲ, ಕಪಾಟು ತುಂಬ ಉಟ್ಟು. ಎಂತದ್ದು ಬೇಕು ಹೇಳ್, ತಂದುಕೊಡ್ತೆ."

"ಎಂತದ್ದು ಉಟ್ಟೂಂತ ನೋಡದೆ ಎಂತದ್ದು ಬೇಕೂಂತ ಹೆಂಗೆ ಹೇಳುದು? ಒಂದು ಸಲ ನಾನೇ ಕಪಾಟಿನ ಮುಂದೆ ಕೂತ್, ಕೈ ಹಾಕಿ ತೆಗಿಯಕ್. ಅಷ್ಟೇ."

ಅವಳು ಬೇಡಿದ್ದು ಅಷ್ಟೇ. ಅದಕ್ಕೆ ಅಡ್ಡ ನಿಂತದ್ದು ಒಂಬತ್ತು ಮೆಟ್ಟಿಲು.

ಆ ಮಧ್ಯಾಹ್ನ ವಾಚನಾಲಯದಲ್ಲಿ ಎಂದಿನಂತೆ ನನ್ನ ಕಣ್ಣು ಮುಚ್ಚಿತು. ಕನಸಿನಲ್ಲಿ ಊರಿನ ಮೆಟ್ಟಿಲುಗಳೆಲ್ಲ, ಅಂಚೆ ಕಚೇರಿಯವು, ಶಾಲೆಯವು, ಬಸ್ಸಿನ ಮೆಟ್ಟಿಲು ಸಹ, ಮೇದು ದಣಿದ ದನಗಳಂತೆ ಒಂದೊಂದಾಗಿ ಮೊಣಕಾಲು ಮಡಚಿ ಮಲಗಿಕೊಂಡವು. ಅವುಗಳ ಬೆನ್ನ ಮೇಲೆ ಯಮುನಳ ಹಲಗೆ ಸದ್ದಿಲ್ಲದೆ ಜಾರಿ ಹೋಯಿತು. ಎಚ್ಚರಾದಾಗ ಮೆಟ್ಟಿಲುಗಳು ಎದ್ದು ನಿಂತಿದ್ದವು.

ಮಾರನೆಯ ದಿನ ಮೂವರ ಸಮಿತಿ ಹುಟ್ಟಿತು. ಶಾಲೆಯ ಗಂಗಮ್ಮ ಟೀಚರು, ಪಟ್ಟಾಳಂನಿಂದ ನಿವೃತ್ತರಾಗಿ ಬಂದ ಬೋಜಪ್ಪ ಸುಬೇದಾರರು, ಮತ್ತು ನಾನು. ಸುಬೇದಾರರಿಗೆ ಮೊದಲು ವಿಷಯವೇ ಹಿಡಿಸಲಿಲ್ಲ.

"ಇದಕ್ಕೆ ಸಮಿತಿ ಯಾಕೆ? ನಾಲ್ಕು ಜನ ಎತ್ತಿ ಮೇಲೆ ಇಟ್ಟರೆ ಮುಗಿತಲ್ಲ. ಓಟು ಹಾಕುವ ದಿನ ಅವಳನ್ನು ಹಂಗೇ ಎತ್ತಿದ್ದೆವಲ್ಲ."

ಗಂಗಮ್ಮ ಟೀಚರು ಅವರನ್ನು ನೇರ ಯಮುನಳ ಮುಂದೆ ಕೊಂಡೊಯ್ದು ನಿಲ್ಲಿಸಿದರು. ಯಮುನ ಬಾಯಲ್ಲಿದ್ದ ದಾರ ಕಡಿದು ಹೇಳಿದಳು: "ಎತ್ತಿದವ್ಕೆ ಪುಣ್ಯ ಬಂತ್ ಮಾವ. ನಂಗೆ ಬೆನ್ನು ನೋವು ಬಂತ್. ಇನ್ನು ಪ್ರತಿ ಪುಸ್ತಕಕ್ಕೂ ನಾಲ್ಕು ಜನರ ಪುರುಸೊತ್ತು ಕೇಳ್ಕಂಡ್ ಕೂರಕಾ?"

ಸುಬೇದಾರರು ಮೀಸೆ ಸವರಿಕೊಂಡು ವಾಪಸ್ಸು ಬಂದರು. ಅಂದಿನಿಂದ ಸಮಿತಿಯಲ್ಲಿ ಅವರಷ್ಟು ಹುರುಪಿನವರು ಇನ್ನೊಬ್ಬರಿಲ್ಲ. ಅಂಚೆ ಕಚೇರಿಯ ಹೊಸ್ತಿಲನ್ನೂ ಶಾಲೆಯ ಜಗಲಿಯನ್ನೂ ಕೋಲು ಹಿಡಿದು ಅಳೆದರು. ಪೋಸ್ಟ್ ಮಾಸ್ಟರರ ಹತ್ತಿರ ವಾದ ಮಾಡಿ, ಹೊಸ್ತಿಲ ಮೇಲೆ ಇಳಿಜಾರಾಗಿ ಒಂದು ಹಲಗೆ ಹಾಕಿಸಿಯೇ ಬಿಟ್ಟರು.

ವಾಚನಾಲಯಕ್ಕೆ ಇಳಿಜಾರು ದಾರಿ ಬೇಕೆಂದು ಮೇಲಿನ ಕಚೇರಿಯೊಂದಕ್ಕೆ ಅರ್ಜಿ ಬರೆದೆವು. ಮೂರು ತಿಂಗಳ ಮೇಲೆ ಉತ್ತರ ಬಂತು: ಸದರಿ ರಸ್ತೆ ಎಷ್ಟು ಮೈಲಿ, ನಡುವೆ ಸೇತುವೆಗಳೆಷ್ಟು? ನಲವತ್ತು ಅಡಿ, ಸೇತುವೆ ಇಲ್ಲ, ಒಂದು ಹಲಸಿನ ಮರ ಇದೆ, ಸುತ್ತಿಕೊಂಡು ಹೋಗುತ್ತೇವೆ ಎಂದು ಬರೆದೆವು. ಮತ್ತೆ ಉತ್ತರ ಬರಲಿಲ್ಲ. ಆಗ ಗಂಗಮ್ಮ ಟೀಚರು, "ಶ್ರಮದಾನ ಮಾಡುವ" ಎಂದರು. ನಾಲ್ಕು ಭಾನುವಾರ ಊರಿಗೆ ಊರೇ ಕಲ್ಲು ಹೊತ್ತು ಮಣ್ಣು ಬಡಿಯಿತು. ನನ್ನನ್ನು ಹಲಸಿನ ಮರದಡಿ ಲೆಮನ್ ಶರಬತ್ತಿನ ಉಸ್ತುವಾರಿಗೆ ಹಾಕಿದರು. ನನ್ನ ಯೋಗ್ಯತೆ ಊರಿಗೆ ಗೊತ್ತಿತ್ತು.

ಮಲಗಿದ ದನದ ಬೆನ್ನಿನಂತೆ ದಾರಿ ನುಣ್ಣಗೆ ಎದ್ದು ಬಂತು. ಮುಂದಿನ ಗುರುವಾರ ಉದ್ಘಾಟನೆ. ಆದರೆ ಮಂಗಳವಾರವೇ ಒಬ್ಬರು ಉದ್ಘಾಟನೆ ಮಾಡಿಬಿಟ್ಟರು. ಸುಬೇದಾರರ ಮನೆಯ ಕೆಂದು ಬಣ್ಣದ ಹಸು ಗಂಭೀರವಾಗಿ ಹತ್ತಿ ಬಂದು, ನಾನು ಬೆಂಚಿನ ಮೇಲೆ ಮಲಗಿದ್ದಾಗ, ಆ ದಿನದ ಪೇಪರನ್ನು ಮೊದಲ ಪುಟದಿಂದ ಕ್ರೀಡಾ ಪುಟದವರೆಗೆ ತಿಂದುಹಾಕಿತು.

ಸೆಕ್ರೆಟರಿಯಾದವನು ಸುಮ್ಮನಿರಲಾಗುತ್ತದೆಯೇ? ನಮ್ಮ ಕಡೆ ದಾರಿ ಎಂದ ಮೇಲೆ ತಡಮೆ ಇರಲೇಬೇಕು: ಎರಡು ಕಂಬ, ನಡುವೆ ಅಡ್ಡಕ್ಕೆ ಎರಡು ಮರದ ಗಳು. ಮನುಷ್ಯ ಕಾಲೆತ್ತಿ ದಾಟಬೇಕು, ದನ ದಾಟಬಾರದು. ಹುಟ್ಟಿದ ಮಗುವಿಗೆ ಉಡಿದಾರ ಕಟ್ಟುವಷ್ಟೇ ಸಹಜ. ಬುಧವಾರ ಚಿಕ್ಕನಿಂದ ಇಳಿಜಾರಿನ ಬುಡಕ್ಕೆ ಗಟ್ಟಿಯಾದ ತಡಮೆ ಹಾಕಿಸಿದೆ. ಸುಬೇದಾರರು ಕಾಲೆತ್ತಿ ದಾಟಿ, "ಒಳ್ಳೆ ಕೆಲಸ" ಎಂದರು. ಗಂಗಮ್ಮ ಟೀಚರು ಸೀರೆ ತುಸು ಎತ್ತಿ ದಾಟಿ, ಉದ್ಘಾಟನೆಯ ಕೆಂಪು ಟೇಪನ್ನು ಅದೇ ಎರಡು ಕಂಬಗಳಿಗೆ ಚಂದವಾಗಿ ಕಟ್ಟಿದರು.

ಗುರುವಾರ ಬೆಳಗ್ಗೆ ಮಂಜು ಇನ್ನೂ ಕರಗಿರಲಿಲ್ಲ. ಅದರೊಳಗಿಂದ ಚಕ್ರಗಳ ಗಡಗಡ ಕೇಳಿತು. ಆಮೇಲೆ ಯಮುನ ಕಂಡಳು. ತಾನೇ ಹೊಲಿದ ಹೊಸ ನೀಲಿ ರವಿಕೆ, ಮಡಿಲಲ್ಲಿ ಕತ್ತರಿ. ಟೇಪು ಕತ್ತರಿಸಿದಳು. ಜನ ಚಪ್ಪಾಳೆ ತಟ್ಟಿದರು. ಟೇಪು ಕೆಳಗೆ ಬಿತ್ತು. ಗಳುಗಳು ಇದ್ದಲ್ಲೇ ಇದ್ದವು.

ಚಪ್ಪಾಳೆ ಒಂದೊಂದಾಗಿ ನಿಂತಿತು. ನನಗೆ ಅದೂ ಕನಸಿರಬಹುದು ಎನಿಸಿತು. ಇರಲಿಲ್ಲ.

"ಇದ್ ಯಾರಿಗೆ ಹಾಕಿದ್ ಅಣ್ಣ?" ಯಮುನ ಮೆತ್ತಗೆ ಕೇಳಿದಳು.

"ದನಕ್ಕೆ."

ಅವಳು ಮೇಲಿನ ಗಳು ಮುಟ್ಟಿ ನೋಡಿದಳು. ಅದು ಅವಳ ಎದೆಯ ಮಟ್ಟಕ್ಕಿತ್ತು. "ಪೇಪರ್ ತಿಂದ ಹಸು ನಿಂತ್ಕಂಡ್ ನೋಡ್ತಾ ಉಟ್ಟು. ಅದ್ಕೂ ನಂಗೂ ಒಂದೇ ಬೇಲಿ."

ಸುಬೇದಾರರು ಅಭ್ಯಾಸಬಲದಿಂದ ತೋಳು ಮಡಚಿ ಮುಂದೆ ಬಂದರು. "ಬಾ ಮಗ, ಒಂದೇ ಸಲ ಎತ್ತಿ ಆಚೆಗೆ..." ಅಷ್ಟರಲ್ಲಿ ಅವರಿಗೇ ನೆನಪಾಗಿ, ಎತ್ತಿದ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಮೀಸೆಗೆ ಕೊಂಡೊಯ್ದರು.

ನಾನು ಗಳು ಎಳೆದೆ. ಮಂಜು ಕುಡಿದ ಹಸಿ ಮರ ಉಬ್ಬಿ ಕಂಬದ ತೂತಿನಲ್ಲಿ ಹಿಡಿದುಕೊಂಡಿತ್ತು. ಸುಬೇದಾರರೂ ಕೈ ಹಾಕಿದರು, ಟೀಚರೂ ಹಾಕಿದರು. ಒಂದು ಹೇಗೋ ಬಂತು. ಎರಡನೆಯದು ಬಿಟ್ಟುಬಂದಾಗ ಗಳು ನನ್ನ ಕೈಯಲ್ಲಿತ್ತು, ನಾನು ಕೆಸರಲ್ಲಿದ್ದೆ.

"ದನ ಮತ್ತೆ ಹತ್ತಿದರೆ?" ಕೂತಲ್ಲಿಂದಲೇ ಕೇಳಿದೆ. ಬುದ್ಧಿ ಅಷ್ಟು ಬೇಗ ಬರುವಂಥದ್ದಲ್ಲ.

"ಬಾಗಿಲಲ್ಲಿ ನಾ ಇರ್ತೆ. ನೀವು ನಿದ್ದೆ ಮಾಡಿ," ಎಂದಳು ಯಮುನ.

ಅವಳು ನೆಲವನ್ನು ಹಿಂದಕ್ಕೆ ತಳ್ಳಿದಳು. ಹಲಗೆ ಹಲಸಿನ ಮರವನ್ನು ಸುತ್ತಿ ಮೇಲೇರಿತು. ಎರಡು ಕಡೆ ನಿಂತು ಸುಧಾರಿಸಿಕೊಂಡಳು. ಯಾರೂ ತಳ್ಳಲು ಹೋಗಲಿಲ್ಲ, ಅದು ನಮಗೆ ಕಲ್ಲು ಹೊತ್ತದ್ದಕ್ಕಿಂತ ಕಷ್ಟವಾಯಿತು. ಒಳಗೆ ಹೋಗಿ ಕಪಾಟಿನ ಮುಂದೆ ಕೂತಳು. ಕೆಳಗಿನ ಮೂರು ಸಾಲಿನ ಪುಸ್ತಕಗಳ ಬೆನ್ನ ಮೇಲೆ ಬೆರಳಾಡಿಸಿದಳು, ಒಂದನ್ನು ತೆಗೆದು ಮೂಸಿದಳು, ಇಟ್ಟಳು, ಇನ್ನೊಂದನ್ನು ತೆಗೆದಳು. ಹೀಗೇ ಗಂಟೆಗಟ್ಟಲೆ. ಹೊರಗೆ ಜನ ಶರಬತ್ತು ಕುಡಿದು ಚದುರಿದರು.

ಕೊನೆಗೆ ನಾನು ರಿಜಿಸ್ಟರು ತೆರೆದು, "ಯಾವುದು ಬರಿಲಿ?" ಎಂದೆ.

"ಇವತ್ತ್ ಯಾವುದೂ ಬೇಡ," ಎಂದಳು ಯಮುನ, ಕೈಯಲ್ಲಿದ್ದುದನ್ನು ಸಾಲಿಗೆ ಸೇರಿಸುತ್ತ. "ನಾಳೆನೂ ಬರ್ಬೋದಲ್ಲ."