ವಾಗಿರಾಳ ಮೈಗೆ ಹೊಕ್ಕ ಗಾಳಿ

ನನ್ನ ತಮ್ಮನ ಹೆಂಡತಿ ವಾಗಿರಾಳ ಬೆನ್ನನ್ನು ಉಜ್ಜಿದಷ್ಟು ನಾನು ಬೇರೆ ಯಾರ ಬೆನ್ನನ್ನೂ ಉಜ್ಜಿಲ್ಲ. ಜಾವಾದಲ್ಲಿ ನಮ್ಮ ಕ್ಲಾತೆನ್ ಕಡೆ ತಲೆ ಭಾರವಾದರೂ ಗಾಳಿ ಹೊಕ್ಕಿದೆ, ಹೊಟ್ಟೆ ಉಬ್ಬಿದರೂ ಗಾಳಿ ಹೊಕ್ಕಿದೆ, ಗಂಡನ ಮೇಲೆ ಮುನಿಸಿಕೊಂಡು ಊಟ ಬಿಟ್ಟರೂ ಹೊಕ್ಕಿರುವುದು ಗಾಳಿಯೇ. ಬೆನ್ನಿಗೆ ಎಣ್ಣೆ ಸವರಿ ಹಳೆಯ ದಪ್ಪ ನಾಣ್ಯದ ಅಂಚಿನಿಂದ ಗೀರಿದರೆ ಕೆಂಪು ಬರೆ ಏಳುತ್ತದೆ. ಬರೆ ಎಷ್ಟು ಕೆಂಪಗಾದರೆ ಅಷ್ಟು ಗಾಳಿ ಹೊರಬಿತ್ತು ಎಂದು ಅರ್ಥ. ಬೇರೆಯವರು ಒಂದು ಸಲ ಗೀರಿಸಿಕೊಂಡು, ತೇಗಿ, ಶುಂಠಿ ಕಷಾಯ ಕುಡಿದು ಎದ್ದು ಹೋಗುತ್ತಾರೆ. ವಾಗಿರಾಳ ಗಾಳಿಗೆ ಮಾತ್ರ ಕೊನೆಯೇ ಇಲ್ಲ. ಅವಳ ಭುಜ ಎರಡೂ ಕಿವಿಯ ಹತ್ತಿರಕ್ಕೆ ಏರಿಕೊಂಡೇ ಇರುತ್ತವೆ, ಕುತ್ತಿಗೆ ಒಣಗಿದ ಕಟ್ಟಿಗೆ.

"ಇನ್ನೂ ಜೋರಾಗಿ, ಯು," ಎನ್ನುತ್ತಾಳೆ. ಅಕ್ಕ ಎಂದು ಕರೆಯುವ ಬಗೆ ಅದು.

"ಚರ್ಮ ಕಿತ್ತು ಕೈಗೆ ಬರುತ್ತೆ ಕಣೇ!"

"ಬರಲಿ ಬಿಡಿ. ಜೋರಾಗಿ."

ನಾಣ್ಯ ಒತ್ತಿದಾಗ ಹಾಯಾಗಿ ಕಣ್ಣು ಮುಚ್ಚುವ ಇವಳೇ, ಯಾರಾದರೂ ಪ್ರೀತಿಯಿಂದ ತೋಳು ಸವರಿದರೆ ಬಿಸಿ ಎಣ್ಣೆ ಸಿಡಿದವಳಂತೆ ಹಾರಿ ಬೀಳುತ್ತಾಳೆ. ಇದ್ಯಾವ ಸೀಮೆಯ ಚರ್ಮವೋ ನನಗಂತೂ ತಿಳಿದಿಲ್ಲ.

ಅವಳ ಕೆಲಸ ಮೆಲಿಂಜೋ ಹಪ್ಪಳ ಮಾಡುವುದು. ಕಾಯಿಯನ್ನು ಬಿಸಿ ಮರಳಿನಲ್ಲಿ ಹುರಿದು, ಸಿಪ್ಪೆ ಒಡೆದು, ಬಿಸಿ ಇರುವಾಗಲೇ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ತೆಳ್ಳಗೆ ಬಡಿಯಬೇಕು. ಬೆಳಗಿನಿಂದ ಸಂಜೆವರೆಗೆ ಟಪ್ ಟಪ್ ಎಂದು ಬಡಿಯುತ್ತಾಳೆ, ಆ ಸದ್ದು ಅವಳನ್ನು ಏನೂ ಮಾಡುವುದಿಲ್ಲ. ಪಕ್ಕದ ಮನೆಯವರ ಮೋಟರ್‌ಸೈಕಲ್ ಒಮ್ಮೆ ಗುರ್ ಎಂದರೆ ಸಾಕು, ಹಲ್ಲು ಕಚ್ಚಿಕೊಂಡು ಕೂತುಬಿಡುತ್ತಾಳೆ. ಒಳ್ಳೆಯವಳು, ಕೆಲಸಗಾತಿ, ಆದರೆ ಪಾಪ ತಾಳ್ಮೆ ಇಲ್ಲ. ಇದು ನಮ್ಮ ಇಡೀ ಕೇರಿಯ ತೀರ್ಪು. ನಮ್ಮ ಜನರಲ್ಲಿ ಹೆಂಗಸಿಗೆ ತಾಳ್ಮೆ ಇಲ್ಲ ಅಂದರೆ ಮೂಗಿಲ್ಲ ಅಂದ ಹಾಗೆ.

ಹಲ್ಲು ಕಚ್ಚಿ ಕಚ್ಚಿ ಒಂದು ದವಡೆ ಹಲ್ಲು ಸೀಳಿಹೋದಾಗ ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಹಲ್ಲು ನೋಡಿದವರು ಇನ್ನೊಬ್ಬ ಡಾಕ್ಟರ ಹತ್ತಿರ ಕಳಿಸಿದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ತುಂಬ ಹೊತ್ತು ಬಾಲ್ಯದ ವಿಷಯವನ್ನೆಲ್ಲ ಕೇಳಿದಳು. ಆಮೇಲೆ ಇದಕ್ಕೆ ಆಟಿಸಂ ಅಂತಾರೆ ಎಂದಳು.

"ಅದು ಮಕ್ಕಳಿಗೆ ಬರೋದಲ್ವಾ?" ಎಂದೆ ನಾನು.

"ಆ ಮಕ್ಕಳೂ ದೊಡ್ಡೋರಾಗ್ತಾರಲ್ಲ, ಬು. ಇದು ಕಾಯಿಲೆ ಅಲ್ಲ, ಇವರು ಹುಟ್ಟಿರೋದೇ ಹೀಗೆ. ಸದ್ದು, ಮುಟ್ಟೋದು ಎಲ್ಲಾ ಇವರಿಗೆ ಬೇರೆ ಥರ ತಾಗುತ್ತೆ. ಅದಕ್ಕೇ ಮೈ ಯಾವಾಗ್ಲೂ ಬಿಗಿ ಹಿಡ್ಕೊಂಡಿರುತ್ತೆ." ದೊಡ್ಡ ಹೆಂಗಸರನ್ನು ಅಮ್ಮಾ ಎನ್ನುವ ಹಾಗೆ ಬು ಎನ್ನುವುದು ನಮ್ಮ ಕಡೆಯ ವಾಡಿಕೆ.

ವಾಗಿರಾ ಯೋಚಿಸಿ ಕೇಳಿದಳು, "ಹಾಗಾದ್ರೆ ಗಾಳಿ ಇಲ್ವಾ?"

ಡಾಕ್ಟರಿಗೆ ನಗು ಬಂತು. ನನಗೆ ಬರಲಿಲ್ಲ. ಗಾಳಿ ಇಲ್ಲದಿದ್ದರೆ ಇಷ್ಟು ವರ್ಷ ನಾನು ಹೊರಗೆ ತೆಗೆದದ್ದೇನು? ಬಸ್ಸು ಹಿಡಿದು ಮನೆಗೆ ಬಂದೆವು. ಮಾರನೆಯ ದಿನ ಅವಳು ಎಣ್ಣೆ ಬಟ್ಟಲು ಹಿಡಿದು ನನ್ನ ಬಾಗಿಲಿಗೆ ಬಂದಳು, ನಾನು ನಾಣ್ಯ ಹುಡುಕಿದೆ. ಇನ್ನೇನು ಮಾಡುವುದು?

ಇಷ್ಟರಲ್ಲಿ ಅವಳ ಒಬ್ಬಳೇ ಮಗಳು ನಿಂಗ್ರುಮಳ ಮದುವೆ ಗೊತ್ತಾಯಿತು. ನನ್ನ ಮಗನ ಮದುವೆಯಲ್ಲಿ ಆದದ್ದನ್ನು ಯಾರೂ ಮರೆತಿರಲಿಲ್ಲ. ಅತಿಥಿಗಳ ಕೈ ಕುಲುಕುತ್ತ ನಿಂತಿದ್ದ ವಾಗಿರಾ ಇದ್ದಕ್ಕಿದ್ದಂತೆ ಮಾಯವಾಗಿದ್ದಳು. ಉಗ್ರಾಣದಲ್ಲಿ ಅಕ್ಕಿಮೂಟೆಗೂ ಗೋಡೆಗೂ ನಡುವೆ ತನ್ನನ್ನು ತಾನೇ ತುರುಕಿಕೊಂಡು ಕೂತಿದ್ದಳು. ಆಚೆ ಕಡೆಯ ಬೀಗರು ಜಂಬ ಅಂದರು, ಅಡುಗೆಯವರು ದೆವ್ವ ಅಂದರು.

ಮದುವೆಗೆ ಮುಂಚೆ ಒಂದು ಮಧ್ಯಾಹ್ನ ನಿಂಗ್ರುಮ್ ನನ್ನ ಅಡುಗೆಮನೆಗೆ ಬಂದು, ಸೋಯಾ ಕಾಳಿನ ಟೆಂಪೆ ಕರಿಯುತ್ತಿದ್ದ ನನ್ನ ಪಕ್ಕ ಕೂತಳು.

"ಬುದೇ, ಒಂದು ಮಾತು ಕೇಳ್ತೀನಿ, ಬೈಬೇಡಿ. ಮದುವೆ ದಿನ ಇಬು ಕೂರೋ ಕುರ್ಚಿಲಿ ನೀವು ಕೂರ್ತೀರಾ?"

ಅಪ್ಪನ ಅಕ್ಕನಾದ ನನ್ನನ್ನು ಬುದೇ ಎನ್ನುತ್ತಾಳೆ, ಹೆತ್ತವಳನ್ನು ಇಬು. ನನ್ನ ಕೈಯಲ್ಲಿದ್ದ ಜಾಲರಿ ನಿಂತಿತು.

"ನಿಮ್ಮವ್ವ ಬದುಕಿದಾಳೆ ಕಣೇ!"

"ನನಗೆ ಗೊತ್ತಿಲ್ವಾ? ಎಲ್ಲರ ಎದುರಿಗೆ ಮಂಡಿಯೂರಿ ಅವರ ಮೊಣಕಾಲಿಗೆ ಹಣೆ ಇಡಬೇಕು. ಆಗ ಅವರು ನನ್ನ ತಳ್ಳಿಬಿಟ್ರೆ? ಚಿಕ್ಕವಳಿದ್ದಾಗ್ಲೂ ತಬ್ಕೊಂಡ್ರೆ ತಳ್ತಿದ್ರು. ಮನೇಲಾದ್ರೆ ಸರಿ, ಅಭ್ಯಾಸ ಆಗಿದೆ. ಅವತ್ತು ತಳ್ಳಿದ್ರೆ ನನ್ನಿಂದ ಆಗಲ್ಲ, ಬುದೇ."

ಆ ಹುಡುಗಿಗೆ ಬೀಗರ ಚಿಂತೆ ಇರಲಿಲ್ಲ, ತಾಯಿಗೆ ತಾನು ಬೇಕೋ ಬೇಡವೋ ಎಂಬ ಚಿಂತೆ. ಸೀಯುತ್ತಿದ್ದ ಟೆಂಪೆಯನ್ನು ತಿರುವಿಹಾಕಿದೆ. ಹೊರಗೆ ಟಪ್ ಟಪ್ ನಿಂತಿದ್ದನ್ನು ಇಬ್ಬರೂ ಗಮನಿಸಿರಲಿಲ್ಲ. ಬಾಗಿಲಲ್ಲಿ ವಾಗಿರಾ, ಕೈಯಲ್ಲಿ ಸುತ್ತಿಗೆ.

"ನಾನೇ ಕೂರ್ತೀನಿ," ಎಂದಳು. ತಿರುಗಿ ಹೋದಳು. ಟಪ್ ಟಪ್ ಮತ್ತೆ ಶುರುವಾಯಿತು.

ಮದುವೆಯ ದಿನ ಬೆಳಿಗ್ಗೆ ಬು ಹರ್ತಾತಿ ನಮಗೆಲ್ಲ ಅಲಂಕಾರ ಮಾಡಲು ಬಂದಳು. ಈಗಿನವರೆಲ್ಲ ಜಿಪ್ ಇರುವ ಸೊಂಟಪಟ್ಟಿ ಹಾಕಿ ಕೆಲಸ ಮುಗಿಸುತ್ತಾರೆ. ನನ್ನ ಮಗನ ಮದುವೆಯಲ್ಲೂ ಅದೇ. ಬು ಹರ್ತಾತಿ ಹಳೇ ಕಾಲದವಳು, ಉದ್ದನೆಯ ದಪ್ಪ ನೇಯ್ಗೆಯ ಸ್ತಾಗೆನ್ ಪಟ್ಟಿಯನ್ನು ಸೊಂಟದಿಂದ ಎದೆಯವರೆಗೆ ಸುತ್ತಿ ಸುತ್ತಿ ಬಿಗಿಯುವವಳು. ನನಗೆ ಕಟ್ಟಿದಾಗ ತಿಂದ ಅವಲಕ್ಕಿಯೆಲ್ಲ ಗಂಟಲಿಗೆ ಬಂದು ನಿಂತಿತು. ವಾಗಿರಾಳ ಸರದಿ ಬಂದಾಗ ನಿಂಗ್ರುಮ್ ಓಡಿಬಂದು ಬು ಹರ್ತಾತಿಯ ಕಿವಿಯಲ್ಲಿ ಪಿಸುಗುಟ್ಟಿದಳು.

"ಬು, ನಮ್ಮ ಇಬುಗೆ ಸಡಿಲವಾಗಿ ಕಟ್ಟಿ. ಮೆಲ್ಲಗೆ ಮುಟ್ಟಿ. ಅವರಿಗೆ ಆಗಲ್ಲ."

ಮಗಳ ಮನಸ್ಸು ಒಳ್ಳೆಯದೇ. ಬು ಹರ್ತಾತಿ ಬೆರಳ ತುದಿಯಲ್ಲಿ ಮುಟ್ಟುತ್ತ ಪಟ್ಟಿಯನ್ನು ಸಡಿಲವಾಗಿ ಸುತ್ತಿದಳು. ವಾಗಿರಾಳ ಭುಜ ಏರಿತು. ಉಸಿರಾಡಿದಾಗಲೆಲ್ಲ ಪಟ್ಟಿ ಅತ್ತ ಇತ್ತ ಜಾರಿ ಮೈಗೆ ಉಜ್ಜುತ್ತಿತ್ತು. ಹೊರಗೆ ಪೆಂಡಾಲಿನಲ್ಲಿ ಸ್ಪೀಕರು ಪರೀಕ್ಷೆ ಮಾಡುವವನು ಹಲೋ ಹಲೋ ಎಂದು ಕಿರುಚಿದ. ಅವಳ ತುಟಿ ಬೆಳ್ಳಗಾಯಿತು. ಉಗ್ರಾಣದ ಬಾಗಿಲನ್ನು ನೋಡುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಮುಗಿಯಿತು ಕಥೆ, ಆ ಕುರ್ಚಿ ನನಗೇ ಗಂಟುಬಿತ್ತು ಎಂದುಕೊಂಡೆ.

"ಬಿಗಿ," ಎಂದಳು ವಾಗಿರಾ.

"ಏನಂದ್ರಿ, ಬು?"

"ಬಿಗಿಯಾಗಿ ಕಟ್ಟಿ."

ಬು ಹರ್ತಾತಿ ಬಿಚ್ಚಿ ಮತ್ತೆ ಸುತ್ತಿದಳು. ಇನ್ನೂ ಅಂದಳು ವಾಗಿರಾ. ಮತ್ತೆ ಎಳೆದಳು. ಇನ್ನೂ. "ಉಸಿರು ಕಟ್ಟಿ ಸತ್ರೆ ನನ್ನ ಮೇಲೆ ಬರುತ್ತೆ, ತಾಯೀ!" ಎನ್ನುತ್ತ ಮೊಣಕಾಲನ್ನು ಅವಳ ಸೊಂಟಕ್ಕೆ ಕೊಟ್ಟು ಜಗ್ಗಿದಳು. ಆಗ ನನ್ನ ಕಣ್ಣನ್ನು ನಾನೇ ನಂಬದಂಥದ್ದು ಆಯಿತು. ವಾಗಿರಾಳ ಭುಜಗಳು ಇಳಿದವು. ಕುತ್ತಿಗೆ ಉದ್ದವಾಯಿತು. ಆಮೇಲೆ ಬಾಯಿ ತೆರೆದು ದೊಡ್ಡದಾಗಿ ಆಕಳಿಸಿದಳು. ಮಗಳ ಮದುವೆಯ ದಿನ, ಎಲ್ಲರ ಜೀವ ಬಾಯಿಗೆ ಬಂದಿರುವಾಗ, ಇವಳು ಆಕಳಿಸಿದಳು! ನಾನು ಪೌಡರು ಡಬ್ಬಿಯನ್ನು ಸುಮ್ಮನೆ ಅಲ್ಲಿಂದಿಲ್ಲಿಗೆ ಎತ್ತಿಟ್ಟೆ. ನಿಂಗ್ರುಮ್ ಹುಟ್ಟಿದಾಗ ಬಾಣಂತಿಯ ಹೊಟ್ಟೆಗೆ ಇದೇ ಪಟ್ಟಿ ಕಟ್ಟಿದ್ದೆವು. ಆ ದಿನಗಳಲ್ಲಿ ಇವಳು ಹಾಡಿಕೊಂಡು ಓಡಾಡುತ್ತಿದ್ದಳು. ಮಗು ಬಂದ ಸಂತೋಷ ಅಂದುಕೊಂಡಿದ್ದೆವು. ಮಗುವಿನದೋ ಪಟ್ಟಿಯದೋ, ಈಗ ಯಾರನ್ನು ಕೇಳಲಿ?

ಮದುಮಕ್ಕಳು ಮಂಡಿಯೂರುವ ಹೊತ್ತು ಬಂತು. ನಾನು ಕುರ್ಚಿಯ ಹಿಂದೆಯೇ ನಿಂತಿದ್ದೆ, ಯಾವುದಕ್ಕೂ ಇರಲಿ ಎಂದು. ನಿಂಗ್ರುಮ್ ತೆವಳುತ್ತ ಬಂದು ತಾಯಿಯ ಮೊಣಕಾಲಿನ ಮೇಲೆ ಕೈಯಿಟ್ಟಳು. ಇಟ್ಟಳು ಅನ್ನುವುದಕ್ಕಿಂತ ತಾಗಿಸಿದಳು, ತಾಗಿಯೂ ತಾಗದ ಹಾಗೆ. ಹಣೆಯನ್ನು ಗಾಳಿಯಲ್ಲೇ ನಿಲ್ಲಿಸಿದಳು. ವಾಗಿರಾಳ ಮೈ ಸೆಟೆಯಿತು, ಕೈ ಮೇಲೆದ್ದಿತು. ತಳ್ಳುತ್ತಾಳೆ ಎಂದು ನಾನು ಕಣ್ಣು ಮುಚ್ಚಿದೆ.

"ಹೀಗಲ್ಲ," ಎಂಬ ಮಾತು ಕೇಳಿಸಿತು. "ಗಟ್ಟಿಯಾಗಿ. ಪೂರ್ತಿ ಭಾರ ಹಾಕು."

ಕಣ್ಣು ಬಿಟ್ಟರೆ ಮಗಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಮಡಿಲಿಗೆ ಒತ್ತಿಕೊಂಡಿದ್ದಳು. ತುರುಬಿನ ಮಲ್ಲಿಗೆ ಮಾಲೆ ಓರೆಯಾಯಿತು, ಮದುಮಗಳೆಂದು ಹಣೆಗೆ ಬರೆದಿದ್ದ ಕಪ್ಪು ಬಣ್ಣವೆಲ್ಲ ತಾಯಿಯ ಬಟ್ಟೆಗೆ ಬಳಿದುಕೊಂಡಿತು. ಬು ಹರ್ತಾತಿ ಅಯ್ಯೋ ಅಂದಳು. ಇಬ್ಬರೂ ಅಲುಗಲಿಲ್ಲ. ಮೈಕಿನವನು ಎರಡು ಸಲ ಕೆಮ್ಮಿದ. ಪಕ್ಕದಲ್ಲಿ ಮಂಡಿಯೂರಿದ್ದ ಮದುಮಗ ತನ್ನ ಸರದಿಗೆ ಕಾದೂ ಕಾದೂ ನನ್ನ ಮುಖ ನೋಡಿದ. ಕಾಯಪ್ಪ ಎಂದು ಕಣ್ಣಲ್ಲೇ ಹೇಳಿದೆ.

ಸಂಜೆ ಎಲ್ಲರೂ ಪಟ್ಟಿ ಬಿಚ್ಚಿ ಅಬ್ಬಾ ಎಂದು ಚಾಪೆಯ ಮೇಲೆ ಬಿದ್ದುಕೊಂಡೆವು. ವಾಗಿರಾ ಮಾತ್ರ ಬಿಚ್ಚಲು ಒಪ್ಪಲಿಲ್ಲ. ಮಂಚದ ಮೇಲೆ ನಿಂಗ್ರುಮ್ ಅವಳಿಗೆ ಒತ್ತಿಕೊಂಡು ಕೂತಳು, ಭುಜಕ್ಕೆ ಭುಜ ಕೊಟ್ಟು, ಪೂರ್ತಿ ಭಾರ ಹಾಕಿ.

"ಚಿಕ್ಕವಳಿದ್ದಾಗ ತಬ್ಕೊಂಡ್ರೆ ಯಾಕೆ ತಳ್ತಿದ್ರಿ, ಇಬು?"

"ನೀನು ಮೆಲ್ಲಗೆ ಮುಟ್ತಿದ್ದೆ. ಮೈಮೇಲೆ ಇರುವೆ ಹರಿದ ಹಾಗೆ."

"ನೀವು ತಳ್ತೀರಿ ಅಂತ ತಾನೇ ನಾನು ಮೆಲ್ಲಗೆ ಮುಟ್ತಿದ್ದಿದ್ದು! ಹೇಳ್ಬಾರ್ದಿತ್ತಾ?"

ವಾಗಿರಾಳ ಮುಖದಲ್ಲಿ ನಿಜವಾದ ಗೊಂದಲವಿತ್ತು.

"ಎಲ್ಲರಿಗೂ ಹಾಗೇ ಆಗುತ್ತೆ ಅಂದ್ಕೊಂಡಿದ್ದೆ," ಎಂದಳು. "ಎಲ್ಲರಿಗೂ ಉರಿಯುತ್ತೆ, ಆದ್ರೂ ಸಹಿಸ್ಕೋತಾರೆ, ನನಗೊಬ್ಳಿಗೇ ತಾಳ್ಮೆ ಇಲ್ಲ ಅಂತ."

ತಾಳ್ಮೆ ಇಲ್ಲ ಅಂದವರಲ್ಲಿ ನಾನೂ ಒಬ್ಬಳು. ಚಾಪೆಯ ಮೇಲೆ ಮಗ್ಗುಲು ಬದಲಿಸಿ ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ನನ್ನ ಬೆನ್ನ ಹಿಂದೆ ಮಗಳು ಇನ್ನಷ್ಟು ಒತ್ತಿಕೊಂಡು ಕೂತದ್ದಕ್ಕೆ ಮಂಚ ಕಿರುಗುಟ್ಟಿತು.